ಎಡ ಎದೆಯ ಮೂರು ಗುಳ್ಳೆಗಳು: ಒಂದು ಪ್ರಕರಣ ಅಧ್ಯಯನ

ಬಸುರಿಯೊಬ್ಬರ ಸ್ಕ್ಯಾನ್ ವರದಿ ಅದು, ಐದು ದಿನದ ಹಿಂದಿನದು. ಎಷ್ಟು ಜನರಿಗೆ ತೋರಿಸಿದ್ದರೋ, ಮಡಿಕೆಯ ಗೆರೆಗಳಲ್ಲಿ ಆಗಲೇ ಹರಿಯತೊಡಗಿತ್ತು. ಕೊನೆಯ ಸಾಲಿನಲ್ಲಿ ಹೀಗಿತ್ತು: ಎಡ ಎದೆಯಲ್ಲಿ ನೀರುಗುಳ್ಳೆಗಳು, ಹೃದಯ ಬಲಕ್ಕೆ ಸರಿದಿದೆ, ವಪೆಯ (ಎದೆ ಹೊಟ್ಟೆಗಳ ನಡುವಿನ ಸ್ನಾಯುವಿನ ತೆರೆ) ಹರ್ನಿಯಾ ಇರಬಹುದು. 'ಇರಬಹುದು' ಕಾಗದದಲ್ಲೇ ಉಳಿದುಬಿಟ್ಟಿತ್ತು. ಮನೆಯವರ ಕಿವಿಗೆ ಬಿದ್ದದ್ದು, ಈ ಕೂಸು ಉಳಿಯುವುದಿಲ್ಲ, 24 ವಾರ ತುಂಬುವುದರೊಳಗೆ ತೆಗೆಸಿಬಿಡಿ ಎಂಬ ಮಾತು.

ಆಕೆಗೆ 24 ವರ್ಷ, ಮೊದಲ ಬಸಿರು, ಹಾವೇರಿ ಜಿಲ್ಲೆಯ ಕಡೆಯವರು. ಗಂಡ ಕಾಳಿನ ಅಂಗಡಿಯೊಂದರಲ್ಲಿ ತೂಕ ಬರೆಯುವವರು. (ಗುರುತು ಹತ್ತದಿರಲೆಂದು ಅಲ್ಲಲ್ಲಿ ವಿವರ ಬದಲಿಸಿದ್ದೇನೆ.) ನನ್ನೊಡನೆ ಮಾತಾಡಿದವರು ಅತ್ತೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ, "ಅವ್ವಾ, ತೆಗೆಸುವುದೇ ಆದರೆ ಇವತ್ತೇ ಹೇಳಿಬಿಡು. ಮುಂದಿನ ತಿಂಗಳ ಕುಬಸಕ್ಕೆ ಬೀಗರಿಗೆ ಹೇಳಿಯಾಗಿದೆ, ಬೇಡವೆಂದು ಹೇಳಬೇಕಲ್ಲ" ಎಂದರು. ಸೊಸೆ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದರು.

ಮೊದಲ ಸ್ಕ್ಯಾನ್ ಮಾಡಿದವರನ್ನು ದೂರುವ ಮನಸ್ಸು ನನಗಿಲ್ಲ. ಹೃದಯ ಪಕ್ಕಕ್ಕೆ ಸರಿದದ್ದನ್ನು ಹಿಡಿದವರು ಅವರೇ. ಎಷ್ಟೋ ಕಡೆ ಐದನೇ ತಿಂಗಳ ಸ್ಕ್ಯಾನಿನಲ್ಲಿ ಹೃದಯ ಬಡಿಯುತ್ತಿದೆ ಎಂಬಷ್ಟನ್ನೇ ನೋಡಿ ಮುಗಿಸುತ್ತಾರೆ, ಅದು ಎದೆಯ ಯಾವ ಬದಿಯಲ್ಲಿ ಬಡಿಯುತ್ತಿದೆ ಎಂದು ನೋಡುವುದಿಲ್ಲ. ತಪ್ಪಿದ್ದು ಆಮೇಲಿನ ಅವಸರದಲ್ಲಿ. 24 ವಾರದ ಗಡಿಯೂ ಅವರು ಹೆದರಿಸಿದಷ್ಟು ಬಿಗಿಯಲ್ಲ. 2021ರಲ್ಲಿ ತಿದ್ದುಪಡಿಯಾದ ವೈದ್ಯಕೀಯ ಗರ್ಭಪಾತ ಕಾಯ್ದೆಯ ಪ್ರಕಾರ, ಭ್ರೂಣದಲ್ಲಿ ಗಂಭೀರ ನ್ಯೂನತೆ ಇದೆಯೆಂದು ವೈದ್ಯಕೀಯ ಮಂಡಳಿ ತೀರ್ಮಾನಿಸಿದರೆ ಆ ಗಡಿ ಅಡ್ಡ ಬರುವುದಿಲ್ಲ. ಅಂದರೆ ನೋಡಿ, ಅಳೆದು, ಮತ್ತೆ ನೋಡಿ ತೀರ್ಮಾನಿಸುವುದಕ್ಕೆ ಕಾನೂನಿನಲ್ಲೇ ಜಾಗವಿತ್ತು.

ಆಗ ಬಸಿರಿಗೆ 21 ವಾರ 2 ದಿನ. ಎದೆಯೊಳಗೆ ನೀರು ತುಂಬಿದ ಗುಳ್ಳೆ ಕಂಡಾಗ ಮೊದಲು ಕೇಳಿಕೊಳ್ಳಬೇಕಾದದ್ದು, ಇದು ಎದೆಯಲ್ಲೇ ಹುಟ್ಟಿದ್ದೋ ಹೊಟ್ಟೆಯಿಂದ ಮೇಲೇರಿದ್ದೋ ಎಂದು. ವಪೆಯಲ್ಲಿ ತೂತಿದ್ದರೆ ಜಠರವೂ ಕರುಳೂ ಎದೆಗೆ ನುಗ್ಗುತ್ತವೆ, ತೆರೆಯ ಮೇಲೆ ಅವೂ ಕಪ್ಪು ಗುಳ್ಳೆಗಳಾಗಿಯೇ ಕಾಣುತ್ತವೆ. ಹಾಗಾಗಿ ನಾನು ಗುಳ್ಳೆಗಳನ್ನು ಬಿಟ್ಟು ಮೊದಲು ಜಠರವನ್ನು ಹುಡುಕಿದೆ. ಅದು ತನ್ನ ಜಾಗದಲ್ಲೇ, ವಪೆಯ ಕೆಳಗೆ, ಹುಣಸೆ ಬೀಜದಷ್ಟು ಕಪ್ಪಾಗಿ ಕುಳಿತಿತ್ತು. ಪಕ್ಕದಿಂದ ನೋಡಿದಾಗ ವಪೆ ಎಲ್ಲೂ ಕಡಿಯದ ತೆಳು ಗೆರೆಯಾಗಿ ಬೆನ್ನಿನವರೆಗೂ ಹೋಗಿತ್ತು. ಇಪ್ಪತ್ತು ನಿಮಿಷ ಕಾದರೂ ಎದೆಯ ಗುಳ್ಳೆಗಳು ಆಕಾರ ಬದಲಿಸಲಿಲ್ಲ. ಕರುಳಾಗಿದ್ದರೆ ಅಷ್ಟು ಹೊತ್ತಿಗೆ ಒಮ್ಮೆಯಾದರೂ ಮಿಸುಕುತ್ತಿತ್ತು.

ಎರಡನೆಯ ಪ್ರಶ್ನೆ ರಕ್ತದ್ದು. ಗುಳ್ಳೆಗಳಿರುವ ಗಂಟಿಗೆ ರಕ್ತ ಕೊಡುವ ನಾಳ ಮಹಾಪಧಮನಿಯಿಂದ ನೇರವಾಗಿ ಕವಲೊಡೆದಿದ್ದರೆ ಅದು ಸೀಕ್ವೆಸ್ಟ್ರೇಷನ್, ಅಂದರೆ ಶ್ವಾಸನಾಳದ ಸಂಪರ್ಕವಿಲ್ಲದೆ ಪ್ರತ್ಯೇಕವಾಗಿ ಬೆಳೆದ ಶ್ವಾಸಕೋಶದ ತುಂಡು. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಸ್ಕ್ಯಾನಿನಲ್ಲಿ ಇಲ್ಲಿನ ನಾಳ ಶ್ವಾಸಕೋಶದ ಅಪಧಮನಿಯಿಂದಲೇ ಬಂದಿತ್ತು. ಗುಳ್ಳೆಗಳು ಮೂರು, ಒಂದು ದೊಡ್ಡದು, ಎರಡು ಚಿಕ್ಕವು. ದೊಡ್ಡದರ ಅಡ್ಡಳತೆ 1.8 ಸೆಂಟಿಮೀಟರ್.

ಇದನ್ನು ಸಿಪಿಎಎಂ ಎನ್ನುತ್ತೇವೆ. ಶ್ವಾಸನಾಳಗಳು ಮರದಂತೆ ಕವಲೊಡೆಯುತ್ತ ಹೋಗುವಾಗ ಒಂದು ಕಡೆ ಲೆಕ್ಕ ತಪ್ಪಿ, ಗಾಳಿಗೂಡುಗಳಾಗಬೇಕಾದ ಜಾಗದಲ್ಲಿ ಕೆಲಸಕ್ಕೆ ಬಾರದ ಗುಳ್ಳೆಗಳ ಗೊಂಚಲು ಬೆಳೆಯುತ್ತದೆ. 1949ರಲ್ಲಿ ಚಿನ್ ಮತ್ತು ಟ್ಯಾಂಗ್ ಎಂಬ ವೈದ್ಯರು ಇದನ್ನು ಮೊದಲ ಬಾರಿಗೆ ಪ್ರತ್ಯೇಕ ಕಾಯಿಲೆಯಾಗಿ ವಿವರಿಸಿದರು, 1977ರಲ್ಲಿ ಸ್ಟಾಕರ್ ಗುಳ್ಳೆಯ ಗಾತ್ರ ನೋಡಿ ವಿಂಗಡಿಸಿದರು. ಸ್ಕ್ಯಾನ್ ಮಾಡುವ ನಮಗೆ ಇನ್ನೂ ಸರಳವಾದ ವಿಂಗಡಣೆ ಸಾಕು: 5 ಮಿಲಿಮೀಟರಿಗಿಂತ ದೊಡ್ಡ, ಎಣಿಸಬಹುದಾದ ಗುಳ್ಳೆಗಳಿದ್ದರೆ ಒಂದು ಬಗೆ, ಗುಳ್ಳೆಗಳು ತೀರ ಸಣ್ಣವಾಗಿ ಇಡೀ ಗಂಟು ಸ್ಪಂಜಿನಂತೆ ಬೆಳ್ಳಗೆ ಕಂಡರೆ ಇನ್ನೊಂದು. ಚಿಕಿತ್ಸೆಯ ದಾರಿ ಕವಲೊಡೆಯುವುದು ಇಲ್ಲಿಯೇ. ನಮ್ಮದು ಮೊದಲ ಬಗೆ.

ಇನ್ನು ಅಳತೆ. ಗಂಟಿನ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಅದನ್ನು 0.52ರಿಂದ ಗುಣಿಸಿದರೆ ಗಾತ್ರ ಸಿಗುತ್ತದೆ. ಅದನ್ನು ಮಗುವಿನ ತಲೆಯ ಸುತ್ತಳತೆಯಿಂದ ಭಾಗಿಸಬೇಕು. ತಲೆಯೇಕೆ ಎಂದರೆ, ವಾರಗಳು ಕಳೆದಂತೆ ಮಗುವೂ ಬೆಳೆಯುತ್ತದೆ, ಗಂಟು ಅದಕ್ಕಿಂತ ಬೇಗ ಬೆಳೆಯುತ್ತಿದೆಯೇ ಎಂಬುದಷ್ಟೇ ನಮಗೆ ಬೇಕು. ಇದೇ ಸಿವಿಆರ್. 2002ರಲ್ಲಿ ಫಿಲಡೆಲ್ಫಿಯಾದ ತಂಡವೊಂದು ಇದನ್ನು ಬಳಕೆಗೆ ತಂದಿತು. 1.6ಕ್ಕಿಂತ ಹೆಚ್ಚಿದ್ದರೆ ಬಹುಪಾಲು ಮಕ್ಕಳಿಗೆ ಹೈಡ್ರಾಪ್ಸ್, ಅಂದರೆ ಮೈಯಲ್ಲಿ ನೀರು ಸೇರುವ ತೊಂದರೆ, ಆಗುತ್ತದೆ, ಕಡಿಮೆಯಿದ್ದರೆ ನೂರಕ್ಕೆ ಎರಡು ಮೂರು ಮಕ್ಕಳಿಗಷ್ಟೇ. ನಮ್ಮ ಮಗುವಿನದು 4.1, 3.2, 3.0. ಗಾತ್ರ 20.5 ಮಿಲಿಲೀಟರ್, ತಲೆ ಸುತ್ತಳತೆ 19 ಸೆಂಟಿಮೀಟರ್, ಸಿವಿಆರ್ 1.08. ಹೃದಯದ ಪ್ರತ್ಯೇಕ ಸ್ಕ್ಯಾನಿನಲ್ಲಿ ರಚನೆಯ ದೋಷ ಕಾಣಲಿಲ್ಲ.

ಕುಟುಂಬಕ್ಕೆ ಹೇಳಿದೆ: ಇದು ಹರ್ನಿಯಾ ಅಲ್ಲ. ಈ ಗಂಟು 26ನೇ ವಾರದ ಆಸುಪಾಸಿನವರೆಗೆ ಬೆಳೆದು, 28ರ ಹೊತ್ತಿಗೆ ಸಾಮಾನ್ಯವಾಗಿ ನಿಲ್ಲುತ್ತದೆ. ಆಮೇಲೆ ಮಗು ಬೆಳೆಯುತ್ತ ಗಂಟು ಅದರ ಮುಂದೆ ಸಣ್ಣದಾಗುತ್ತದೆ. ಆ ಆರೇಳು ವಾರ ದಾಟಬೇಕು. ಅಳತೆ ಸದ್ಯಕ್ಕೆ ಚೆನ್ನಾಗಿದೆ, ಎರಡು ವಾರ ಬಿಟ್ಟು ಬನ್ನಿ.

ಈ ಕೊನೆಯ ವಾಕ್ಯಕ್ಕಾಗಿಯೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. 1.6ಕ್ಕಿಂತ ಕಡಿಮೆಯಿದ್ದರೆ ಭಯವಿಲ್ಲ ಎಂಬ ಮಾತಿನ ಬಾಲದಲ್ಲಿ ಒಂದು ಷರತ್ತಿದೆ: ಉಳಿದವನ್ನೆಲ್ಲ ಮೀರಿಸುವ ಒಂದು ದೊಡ್ಡ ಗುಳ್ಳೆ ಇರಬಾರದು. ಸ್ಪಂಜಿನಂಥ ಗಂಟು ಅಂಗಾಂಶದ ಲೆಕ್ಕದಲ್ಲಿ, ಅಂದರೆ ನಿಧಾನವಾಗಿ ಬೆಳೆಯುತ್ತದೆ. ಗುಳ್ಳೆಗೆ ಆ ಲೆಕ್ಕವಿಲ್ಲ, ನೀರು ತುಂಬಿಕೊಂಡರೆ ಕೆಲವೇ ದಿನಗಳಲ್ಲಿ ಉಬ್ಬಬಲ್ಲದು. ಈ ಷರತ್ತು ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ, ಕಿರಿಯ ವೈದ್ಯರಿಗೆ ನಾನೇ ಪಾಠ ಮಾಡಿದ್ದೇನೆ. ಆದರೆ ಐದು ದಿನ ಅತ್ತು ಬಂದ ಕುಟುಂಬದ ಮುಂದೆ 1.08 ಎಂಬ ಅಂಕಿ ಸಿಕ್ಕಾಗ ನನಗೂ ಹಗುರಾಯಿತು. ಸಿಹಿ ಸುದ್ದಿ ಹೇಳುವ ಆಸೆ ವೈದ್ಯರಿಗೂ ಇರುತ್ತದೆ. ವಾರಕ್ಕೊಮ್ಮೆ ಬನ್ನಿ ಎನ್ನಬೇಕಿತ್ತು. ಹಾವೇರಿಯಿಂದ ಹುಬ್ಬಳ್ಳಿಗೆ ಪದೇ ಪದೇ ಓಡಾಡುವ ಖರ್ಚು, ಗಂಡನ ಕೂಲಿ ನಷ್ಟ ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ.

ಎರಡು ವಾರಕ್ಕೆ ಒಂದು ದಿನ ಮೊದಲೇ ಅವರು ಬಂದರು. "ಹೊಟ್ಟೆ ಬಿಗಿದಂತಾಗಿದೆ ಡಾಕ್ಟರೇ, ಸೀರೆ ಉಡಲು ಆಗುತ್ತಿಲ್ಲ" ಎಂದರು ಆಕೆ. ಹೊಟ್ಟೆಯ ಮೇಲೆ ಕೈಯಿಟ್ಟಾಗಲೇ ಗರ್ಭಜಲ ಹೆಚ್ಚಿದೆ ಎಂದು ತಿಳಿಯಿತು. ಎದೆಯ ಒತ್ತಡಕ್ಕೆ ಅನ್ನನಾಳ ಅದುಮಿಹೋದರೆ ಮಗು ನೀರು ನುಂಗಲಾರದು, ನುಂಗದ ನೀರು ಹೊರಗೆ ಶೇಖರವಾಗುತ್ತದೆ. ತೆರೆಯ ಮೇಲೆ ಉಳಿದದ್ದೂ ಕಂಡಿತು. 1.8 ಇದ್ದ ಗುಳ್ಳೆ ಈಗ 3.5 ಸೆಂಟಿಮೀಟರ್. ಗಂಟು 5.2, 4.2, 3.9. ತಲೆ ಸುತ್ತಳತೆ 21.2. ಸಿವಿಆರ್ 2.09. ಹೃದಯ ಬಲ ಪಕ್ಕೆಲುಬುಗಳಿಗೆ ಆತುಕೊಂಡು ಬಡಿಯುತ್ತಿತ್ತು. ಮಗುವಿನ ಹೊಟ್ಟೆಯಲ್ಲಿ ಪಿತ್ತಜನಕಾಂಗದ ಸುತ್ತ ಕಪ್ಪು ಅಂಚು, ಅಂದರೆ ನೀರು. ನೆತ್ತಿಯ ಚರ್ಮ ಊದಿಕೊಂಡು ಜೋಡಿ ಗೆರೆಯಾಗಿ ಕಾಣುತ್ತಿತ್ತು.

ಹೈಡ್ರಾಪ್ಸ್ ಎಂದರೆ ಇದೇ, ಮೈಯ ಎರಡು ಕಡೆಯಾದರೂ ನೀರು ಸೇರುವುದು. ಗುಳ್ಳೆ ಮಗುವನ್ನು ಉಸಿರುಗಟ್ಟಿಸಿ ಕೊಲ್ಲುತ್ತದೆ ಎಂದು ಜನ ಭಾವಿಸುತ್ತಾರೆ. ಗರ್ಭದಲ್ಲಿ ಉಸಿರಾಟದ ಕೆಲಸ ಮಾಸಿನದು, ಮಗುವಿನ ಶ್ವಾಸಕೋಶದ ಹಂಗು ಅದಕ್ಕಿಲ್ಲ. ಗುಳ್ಳೆ ಅದುಮುವುದು ಹೃದಯಕ್ಕೆ ರಕ್ತ ಮರಳಿಸುವ ದೊಡ್ಡ ಅಭಿಧಮನಿಗಳನ್ನು. ಕಾಲುವೆಯ ಬಾಯಿಗೆ ಕಲ್ಲು ಬಿದ್ದರೆ ಹಿಂದಿನ ಹೊಲವೆಲ್ಲ ಜೌಗಾಗುತ್ತದಲ್ಲ, ಹಾಗೆ. ಈ ಹಂತದಲ್ಲಿ ಸುಮ್ಮನೆ ಕುಳಿತರೆ ಬಹುತೇಕ ಮಕ್ಕಳು ಉಳಿಯುವುದಿಲ್ಲ. ತಾಯಿಗೂ ಅಪಾಯವಿದೆ: ಕೆಲವೊಮ್ಮೆ ಮಗುವಿನ ಬಾವು ಕನ್ನಡಿಯಲ್ಲಿ ಕಂಡಂತೆ ತಾಯಿಯ ಮೈಯಲ್ಲೂ ಮೂಡಿ, ರಕ್ತದೊತ್ತಡ ಏರುತ್ತದೆ. ಆಕೆಯ ರಕ್ತದೊತ್ತಡ ಅಂದು ಸರಿಯಾಗಿತ್ತು, ಕಾಲು ಊದಿರಲಿಲ್ಲ.

ಇದು ಸ್ಪಂಜಿನ ಬಗೆಯ ಗಂಟಾಗಿದ್ದರೆ ನಾನು ಕೊಡುತ್ತಿದ್ದದ್ದು ಬೀಟಾಮೆಥಸೋನ್: ತಾಯಿಗೆ 12 ಮಿಲಿಗ್ರಾಂ ಚುಚ್ಚುಮದ್ದು, 24 ಗಂಟೆ ಬಿಟ್ಟು ಇನ್ನೊಂದು. ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವವಿದ್ದಾಗ ಹಲವು ಆಸ್ಪತ್ರೆಗಳಲ್ಲಿ ಕೊಡುವ ಅಗ್ಗದ ಸ್ಟೀರಾಯ್ಡ್. ಅದರಿಂದ ಸ್ಪಂಜಿನ ಗಂಟು ಬೆಳೆಯುವುದು ನಿಂತು ಹೈಡ್ರಾಪ್ಸ್ ಇಳಿದ ಉದಾಹರಣೆಗಳು ಈ ಶತಮಾನದ ಆರಂಭದಿಂದ ಬರತೊಡಗಿದವು. ಏಕೆ ಹಾಗಾಗುತ್ತದೆ ಎಂಬುದಕ್ಕೆ ಇಂದಿಗೂ ಖಚಿತ ಉತ್ತರವಿಲ್ಲ. ಅದಕ್ಕೂ ಮೊದಲು ಉಳಿದಿದ್ದ ದಾರಿ ಗರ್ಭಕೋಶ ತೆರೆದು, ಮಗುವಿನ ಎದೆ ತೆರೆದು ಗಂಟನ್ನೇ ತೆಗೆಯುವುದು. ಸ್ಯಾನ್‌ಫ್ರಾನ್ಸಿಸ್ಕೊದ ಮೈಕೆಲ್ ಹ್ಯಾರಿಸನ್ ಅವರ ತಂಡ 1990ರಲ್ಲಿ ಇದರಲ್ಲಿ ಯಶಸ್ಸು ಕಂಡದ್ದನ್ನು ಪ್ರಕಟಿಸಿತು. ನೀರು ತುಂಬಿದ ದೊಡ್ಡ ಗುಳ್ಳೆಗೆ ಮಾತ್ರ ಸ್ಟೀರಾಯ್ಡನ್ನು ನಂಬಿಕೊಂಡು ಕೂರುವಂತಿಲ್ಲ, ನೀರನ್ನೇ ಹೊರಗೆ ಬಿಡಬೇಕು. ಲಂಡನ್ನಿನಲ್ಲಿ ನಿಕೊಲೈಡ್ಸ್ ಮತ್ತು ಸಂಗಡಿಗರು ಇಂಥ ಗುಳ್ಳೆಗೆ ಕಾಯಂ ಕೊಳವೆ ಹಾಕಿದ್ದನ್ನು 1987ರಲ್ಲಿ ವರದಿ ಮಾಡಿದ್ದರು. ನಮ್ಮ ದಾರಿ ಅದೇ.

ಕೊಳವೆ ನಮ್ಮಲ್ಲಿ ಇರಲಿಲ್ಲ. ವರ್ಷಕ್ಕೆ ಒಂದೋ ಎರಡೋ ಬೇಕಾಗುವ ಸಾಮಗ್ರಿಯನ್ನು ಯಾರೂ ಕಪಾಟಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಅಂದು ಸಂಜೆ ತೆಳು ಸೂಜಿಯಿಂದ ಗುಳ್ಳೆಯ ನೀರು ತೆಗೆದೆ. 14 ಮಿಲಿಲೀಟರ್, ತಿಳಿ ಹಳದಿ. ಸಿರಿಂಜಿಗೆ ನೀರು ಬರುತ್ತಿದ್ದಂತೆ ತೆರೆಯ ಮೇಲೆ ಗುಳ್ಳೆ ಕುಗ್ಗಿ, ಹೃದಯ ಪಕ್ಕೆಲುಬಿನಿಂದ ಬಿಡಿಸಿಕೊಂಡು ನಡುವಿನತ್ತ ಒಂದಿಷ್ಟು ಸರಿಯಿತು. ಅದನ್ನು ಗಂಡನಿಗೆ ತೋರಿಸಿದೆ. ಅವರಿಗೆ ಬೂದುಬಣ್ಣದ ಆ ಚಿತ್ರ ಅರ್ಥವಾಯಿತೋ ಇಲ್ಲವೋ, ಸಿರಿಂಜಿನಲ್ಲಿದ್ದ ನೀರನ್ನು ಮಾತ್ರ ಬಹಳ ಹೊತ್ತು ನೋಡಿದರು. ಅದೇ ಹೊತ್ತಿಗೆ ಗರ್ಭಜಲವನ್ನು ವರ್ಣತಂತುಗಳ ಪರೀಕ್ಷೆಗೂ ಕಳುಹಿಸಿದೆವು. ಈ ಕಾಯಿಲೆ ಒಂಟಿಯಾಗಿದ್ದಾಗ ಅಲ್ಲಿ ದೋಷ ಸಿಗುವುದು ಅಪರೂಪ, ಇಲ್ಲಿಯೂ ಸಿಗಲಿಲ್ಲ.

ಮೂರನೆಯ ದಿನಕ್ಕೆ ಗುಳ್ಳೆ ಮತ್ತೆ ತುಂಬಿತ್ತು. ಇದು ನಿರೀಕ್ಷಿತವೇ. ಕೊಳವೆ ಬೆಂಗಳೂರಿನಿಂದ ರಾತ್ರಿ ಬಸ್ಸಿನ ಪಾರ್ಸೆಲ್‌ನಲ್ಲಿ ಬಂತು. ನೋಡಲು ಏನೂ ಅಲ್ಲ: ಮೆತ್ತಗಿನ ಸಣ್ಣ ಪ್ಲಾಸ್ಟಿಕ್ ನಾಳ, ಎರಡೂ ತುದಿ ಹಂದಿಯ ಬಾಲದಂತೆ ಸುರುಳಿ. ಒಂದು ಸುರುಳಿ ಗುಳ್ಳೆಯೊಳಗೆ, ಇನ್ನೊಂದು ಮಗುವಿನ ಎದೆಯ ಹೊರಗೆ ಗರ್ಭಜಲದಲ್ಲಿ. ಗುಳ್ಳೆಯ ನೀರು ತಾನಾಗಿ ಹೊರಗೆ ಹರಿಯುತ್ತಿರುತ್ತದೆ.

23 ವಾರ 5 ದಿನ. ಬೆಳಿಗ್ಗೆ ನೋಡಿದರೆ ಮಗು ಎಡ ಮಗ್ಗುಲನ್ನು ಕೆಳಗೆ ಹಾಕಿ ಮಲಗಿತ್ತು, ನಮಗೆ ಬೇಕಾದ ಪಕ್ಕೆ ತಾಯಿಯ ಬೆನ್ನಿನ ಕಡೆ. ಆ ದಾರಿಯಲ್ಲಿ ಹೋಗುವಂತಿಲ್ಲ. ಆಕೆಗೆ ತಿಂಡಿ ತಿನ್ನಿಸಿ ವಾರ್ಡಿನ ಉದ್ದಕ್ಕೂ ನಡೆದಾಡಲು ಹೇಳಿದೆವು. ಹನ್ನೊಂದಕ್ಕೆ ನೋಡಿದರೂ ಹಾಗೆಯೇ. ಒಂದೂವರೆಗೆ ಮಗು ಹೊರಳಿತ್ತು. ಎಲ್ಲರೂ ಊಟ ಅರ್ಧಕ್ಕೆ ಬಿಟ್ಟು ಕೈ ತೊಳೆದೆವು. ಮಾಸು ಗರ್ಭಕೋಶದ ಹಿಂಗೋಡೆಯಲ್ಲಿದ್ದದ್ದು ನಮ್ಮ ಅದೃಷ್ಟ, ಮುಂದಿದ್ದರೆ ಅದನ್ನು ತಪ್ಪಿಸಿ ಜಾಗ ಹುಡುಕಬೇಕಿತ್ತು. ತಾಯಿಯ ಹೊಟ್ಟೆಯ ಚರ್ಮಕ್ಕೆ ಮರಗಟ್ಟಿಸುವ ಚುಚ್ಚುಮದ್ದು. ಮಗುವಿನ ತೊಡೆಗೆ ಸ್ಕ್ಯಾನ್ ನೋಡುತ್ತಲೇ ನೋವು ನಿವಾರಕ, ಅಲುಗಾಡದಂತೆ ಸ್ನಾಯು ಸಡಿಲಿಸುವ ಔಷಧ. ಆಮೇಲೆ ಸುಮಾರು ಮೂರು ಮಿಲಿಮೀಟರ್ ದಪ್ಪದ ಚೂಪು ನಳಿಕೆ, ಹೊಟ್ಟೆ, ಗರ್ಭಕೋಶ, ಮಗುವಿನ ಕಂಕುಳ ಕೆಳಗಿನ ಪಕ್ಕೆ ದಾಟಿ ಗುಳ್ಳೆಯೊಳಕ್ಕೆ. ಕೊಳವೆಯನ್ನು ತಳ್ಳಿದಾಗ ಮೊದಲ ಸುರುಳಿ ಗುಳ್ಳೆಯಲ್ಲಿ ಬಿಚ್ಚಿಕೊಂಡಿತು. ಕೈ ನಡುಗಬಾರದ ಕ್ಷಣ ಇದರ ನಂತರದ್ದು: ನಳಿಕೆಯನ್ನು ಪಕ್ಕೆಯಿಂದ ಕೂದಲೆಳೆಯಷ್ಟು ಕಡಿಮೆ ಎಳೆದರೆ ಎರಡನೆಯ ಸುರುಳಿಯೂ ಎದೆಯೊಳಗೇ ಬಿಚ್ಚಿಕೊಂಡು ಎಲ್ಲ ವ್ಯರ್ಥ, ಹೆಚ್ಚು ಎಳೆದರೆ ಮೊದಲನೆಯದೂ ಕಿತ್ತುಬರುತ್ತದೆ. ಅದು ಪಕ್ಕೆಯ ಹೊರಗೆ ನೀರಿನಲ್ಲಿ ತೆರೆದುಕೊಂಡಾಗ ಸಹಾಯಕ್ಕಿದ್ದ ಸಿಸ್ಟರ್ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ನೀರು ಒಡೆಯುವುದು, ಅವಧಿಗೆ ಮುನ್ನ ನೋವು, ರಕ್ತಸ್ರಾವ, ಮಗು ಹೋಗಿಬಿಡುವುದು, ಎಲ್ಲವನ್ನೂ ಮೊದಲೇ ಹೇಳಿ ಸಹಿ ಪಡೆದಿದ್ದೆವು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ನಿನ್ನ ಮಗಳಾಗಿದ್ದರೆ ಮಾಡುತ್ತಿದ್ದೆಯಾ ಅವ್ವಾ?" ಮಾಡಿಸುತ್ತಿದ್ದೆ ಎಂದೆ. ಇಂಥ ಪ್ರಶ್ನೆಗೆ ಉತ್ತರಿಸಬಾರದು ಎಂದು ಆಪ್ತ ಸಮಾಲೋಚನೆಯ ಪಾಠದಲ್ಲಿ ಕಲಿಸುತ್ತಾರೆ, ತೀರ್ಮಾನ ಕುಟುಂಬದ್ದೇ ಆಗಿರಬೇಕೆಂದು. ಆ ವಯಸ್ಸಿನ ಹೆಂಗಸು ಕಣ್ಣಲ್ಲಿ ಕಣ್ಣಿಟ್ಟು ಕೇಳುವಾಗ ಶೇಕಡಾವಾರು ಲೆಕ್ಕ ಒಪ್ಪಿಸುವುದು ನನ್ನಿಂದಾಗಲಿಲ್ಲ.

ಎರಡು ದಿನಕ್ಕೆ ಗಂಟು 4.0, 3.1, 2.8ಕ್ಕೆ ಇಳಿದಿತ್ತು, ಸಿವಿಆರ್ 0.83. ಹೊಟ್ಟೆಯ ನೀರು ಮಾತ್ರ ನಿಧಾನ. ಮೊದಲ ವಾರ ಹಾಗೆಯೇ ಇದ್ದು, ಎರಡನೆಯ ವಾರದ ಕೊನೆಗೆ ಕಾಣದಾಯಿತು. ನೆತ್ತಿಯ ಊತ ಅದಕ್ಕೂ ಮುಂಚೆ ಇಳಿದಿತ್ತು. ಈ ಬಾರಿ ಅವರು ಹುಬ್ಬಳ್ಳಿಯಲ್ಲೇ ನೆಂಟರ ಮನೆಯಲ್ಲಿ ಉಳಿದುಕೊಂಡರು, ನಾನು ವಾರಕ್ಕೆ ಎರಡು ಬಾರಿ ನೋಡುತ್ತಿದ್ದೆ.

29 ವಾರ 3 ದಿನಕ್ಕೆ ಕೊಳವೆ ಎದೆಯಲ್ಲಿ ಇರಲಿಲ್ಲ. ಗರ್ಭಜಲದಲ್ಲಿ ಮೊಣಕಾಲಿನ ಪಕ್ಕ ಎರಡು ಬಿಳಿ ಗೆರೆಗಳಾಗಿ ತೇಲುತ್ತಿತ್ತು. ಮಕ್ಕಳು ಹೀಗೆ ಕಿತ್ತುಕೊಳ್ಳುವುದುಂಟು, ಕೈಗೆ ಸಿಕ್ಕಿದ್ದನ್ನು ಎಳೆಯುವ ಅಭ್ಯಾಸ ಹುಟ್ಟುವ ಮೊದಲೇ ಶುರುವಾಗಿರುತ್ತದೆ. ಗುಳ್ಳೆ ಸ್ವಲ್ಪ ತುಂಬಿತ್ತು, ಸಿವಿಆರ್ 1.04. 21ನೇ ವಾರದಲ್ಲಿ ಕಂಡದ್ದೂ ಹೆಚ್ಚುಕಡಿಮೆ ಇದೇ ಅಂಕಿ. ಆಗ ಅದನ್ನು ನೋಡಿ ನೆಮ್ಮದಿಪಟ್ಟು ತಪ್ಪಿದ್ದೆ. ಈಗ ಅದನ್ನೇ ನೋಡಿ ಗಾಬರಿಯಾಗಿ ಇನ್ನೊಂದು ಕೊಳವೆ ಹಾಕಿದ್ದರೆ ಅದೂ ತಪ್ಪೇ ಆಗುತ್ತಿತ್ತು. ಬೆಳೆಯುವ ಅವಧಿ ದಾಟಿತ್ತು, ಹೈಡ್ರಾಪ್ಸ್ ಇರಲಿಲ್ಲ, ಗರ್ಭಜಲ ಸರಿಯಿತ್ತು. ದಿನ ಬಿಟ್ಟು ದಿನ ಅಳೆದೆವು. ಅಂಕಿ ಒಂದು ವಾರ ಅಲ್ಲೇ ನಿಂತು ಆಮೇಲೆ ಇಳಿಯತೊಡಗಿತು. ಬೇಡವೆಂದು ಹೇಳಿಕಳುಹಿಸಿದ್ದ ಕುಬಸವನ್ನು ಅವರು ಒಂಬತ್ತರಲ್ಲಿ ಸಣ್ಣದಾಗಿ ಮಾಡಿದರು ಎಂದು ಆಮೇಲೆ ತಿಳಿಯಿತು. ಆಕೆಯ ಕೈಗಳಲ್ಲಿ ಮೊಣಕೈವರೆಗೆ ಹಸಿರು ಬಳೆ ತುಂಬಿದ್ದವು.

38 ವಾರ 2 ದಿನಕ್ಕೆ ಸಹಜ ಹೆರಿಗೆ, ಮಕ್ಕಳ ಶಸ್ತ್ರಚಿಕಿತ್ಸಕರೂ ನವಜಾತ ಶಿಶು ಘಟಕವೂ ಇರುವ ಕಡೆ. ಹೆಣ್ಣು ಮಗು, 2.8 ಕಿಲೊ. ಅಷ್ಟು ವಾರ ನೋಡಿದ ನಾನು ಅದೊಂದನ್ನು ಹೇಳುವಂತಿರಲಿಲ್ಲ, ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆ ಅದಕ್ಕೆ ಬಿಡುವುದಿಲ್ಲ, ಅವರೂ ಕೇಳಿರಲಿಲ್ಲ. ಹುಟ್ಟಿದ ಮೇಲೆ ಗುಳ್ಳೆಯ ಸ್ವಭಾವ ಬದಲಾಗುತ್ತದೆ, ನೀರಿನ ಜಾಗಕ್ಕೆ ಗಾಳಿ ಬರುತ್ತದೆ. ಅಳುವ ಮಗುವಿಗೆ ಚೀಲದಿಂದ ಜೋರಾಗಿ ಗಾಳಿ ಒತ್ತಿದರೆ ಗುಳ್ಳೆ ಊದಿ ಆಪತ್ತು. ಮಕ್ಕಳ ವೈದ್ಯರು ಕೈಕಟ್ಟಿ ಹತ್ತಿರ ನಿಂತರು, ಮಗು ತಾನಾಗಿ ಅತ್ತಿತು. ಉಸಿರು ನಿಮಿಷಕ್ಕೆ 70ರ ಆಸುಪಾಸಿನಲ್ಲಿತ್ತು. ಎರಡು ದಿನ ಮೂಗಿನ ನಳಿಕೆಯಿಂದ ಆಮ್ಲಜನಕ ಕೊಟ್ಟರು, ಎಂಟನೆಯ ದಿನ ಮನೆಗೆ ಕಳುಹಿಸಿದರು. ಮಾಸಿನ ಟ್ರೇಯಲ್ಲಿ ಪೊರೆಗಳ ನಡುವೆ ಆ ಕೊಳವೆ ಸುರುಳಿ ಸುತ್ತಿ ಅಂಟಿಕೊಂಡಿತ್ತು. ಸಿಸ್ಟರ್ ಅದನ್ನು ತೊಳೆದು ಗಾಜಿನ ಬಟ್ಟಲಲ್ಲಿಟ್ಟು ನನಗೆ ತೋರಿಸಿದರು.

ಲಕ್ಷಣವೇ ಇಲ್ಲದ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಬೇಕೇ ಎಂಬ ಬಗ್ಗೆ ವೈದ್ಯರಲ್ಲಿ ಒಮ್ಮತವಿಲ್ಲ. ಮುಂದೆ ಸೋಂಕಾಗುವ ಭಯದಿಂದ ಮೊದಲ ವರ್ಷದಲ್ಲೇ ತೆಗೆಯುವವರಿದ್ದಾರೆ, ಕಾದು ನೋಡುವವರೂ ಇದ್ದಾರೆ. ಇಲ್ಲಿ ಆ ಚರ್ಚೆ ಬೇಕಾಗಲಿಲ್ಲ. ಹಾಲು ಕುಡಿಯುವಾಗ ಮಗು ಏದುತ್ತಿತ್ತು, ಆರನೆಯ ವಾರದ ಸಿಟಿ ಸ್ಕ್ಯಾನಿನಲ್ಲಿ ಎಡ ಶ್ವಾಸಕೋಶದ ಕೆಳ ಹಾಲೆಯ ಬಹುಭಾಗ ಗಾಳಿಗುಳ್ಳೆಯೇ ಆಗಿತ್ತು. ನಾಲ್ಕನೆಯ ತಿಂಗಳಲ್ಲಿ ಆ ಹಾಲೆಯನ್ನು ತೆಗೆದರು. ಅಂಗಾಂಶ ಪರೀಕ್ಷೆಯಲ್ಲಿ ಸ್ಟಾಕರ್ ಒಂದನೆಯ ಬಗೆ ಎಂದು ಬಂತು. ಇದೇ ವೇಷದಲ್ಲಿ ಅಪರೂಪಕ್ಕೆ ಬರುವ ಶ್ವಾಸಕೋಶದ ಶಿಶು ಕ್ಯಾನ್ಸರಿನ ಕುರುಹು ಇರಲಿಲ್ಲ. ಬಾಲ್ಯದಲ್ಲಿ ಶ್ವಾಸಕೋಶ ಹೊಸ ಗಾಳಿಗೂಡುಗಳನ್ನು ಕಟ್ಟಿಕೊಳ್ಳುತ್ತಲೇ ಇರುತ್ತದೆ, ಉಳಿದ ಹಾಲೆ ಜಾಗ ತುಂಬಿಕೊಳ್ಳುತ್ತದೆ.

ಹದಿನಾಲ್ಕು ತಿಂಗಳಾದಾಗ ಅತ್ತೆ ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದರು. ಅಂಗಿ ಬಿಚ್ಚಿ ಪಕ್ಕೆ ತೋರಿಸಿದರು. ಶಸ್ತ್ರಚಿಕಿತ್ಸೆಯ ಗೆರೆ ಬೆರಳುದ್ದ. ಅದರಿಂದ ಎರಡು ಬೆರಳು ಮೇಲೆ ಎಳ್ಳಿನಷ್ಟು ಬಿಳಿ ಕಲೆ. "ಇದೇನು ಅವ್ವಾ, ಅವರು ಇಲ್ಲಿ ಕೊಯ್ದಿರಲಿಲ್ಲವಲ್ಲ?" ಎಂದು ಕೇಳಿದರು. ಅದು ನನ್ನದು ಎಂದೆ. ಮಗು ನನ್ನ ಕುತ್ತಿಗೆಯಲ್ಲಿದ್ದ ಸ್ಟೆತಾಸ್ಕೋಪಿನ ಕೊಳವೆಯನ್ನು ಹಿಡಿದು ಎಳೆಯುತ್ತಿತ್ತು.